ನಿಲ್ಲುವಾಗ ನಡುಗುವ ಲಾರಿಯವರ ಚಕ್ರಾರವಿಂದಗಳಿಗೆ

ಇದನ್ನು ಓದುತ್ತಿರುವ ಮಹಾಶಯರೇ, ಮೊದಲು ನಿಮಗೇ ಒಂದು ಮಾತು. ಮೇಲೆ ಲಾರಿಗೆ ಎಂದು ದಪ್ಪಕ್ಷರದಲ್ಲಿ ಬರೆದಿದ್ದೇನೆ, ನೀವೇನು ಲಾರಿಯೇ? ಇನ್ನೊಬ್ಬರ ಕಾಗದಕ್ಕೆ ಮೂಗು ತೂರಿಸಿಕೊಂಡು ನಿಂತಿದ್ದೀರಿ, ಹೋಗಲಿ. ನಿಂತದ್ದಾಯಿತಲ್ಲ, ಇನ್ನು ಪೂರ್ತಿ ಓದಿ. ಇದೇ ಚಾವಡಿ ಕಂಬಕ್ಕೆ ಸೀಮೆಎಣ್ಣೆ ಹಂಚುವ ನೋಟೀಸು ಅಂಟಿಸಿದ್ದಾಗ ಅರ್ಧ ಓದಿ, ಉಳಿದರ್ಧವನ್ನು ಬಾಯಿಗೆ ಬಂದಂತೆ ಹೇಳಿ, ಊರ ಹೆಂಗಸರನ್ನೆಲ್ಲ ಸುಡುಬಿಸಿಲಲ್ಲಿ ಸುಮ್ಮನೆ ಮದ್ದೂರಿಗೆ ಓಡಿಸಿದವರು ನೀವೇ ಎಂಬುದು ನನಗೆ ಮರೆತಿಲ್ಲ. ಓದು ಬಾರದವರು ಪಕ್ಕದಲ್ಲಿದ್ದರೆ ಗಟ್ಟಿಯಾಗಿ ಓದಿ. ಲಾರಿಯ ಯಜಮಾನರಾದ ಕೆಂಪಸಿದ್ದಯ್ಯನವರು ಪಕ್ಕದಲ್ಲಿದ್ದರೆ ಇನ್ನೂ ಗಟ್ಟಿಯಾಗಿ ಓದಿ. ಅಕ್ಷರ ಸೊಟ್ಟಗಿದೆ ಎಂದು ಹಲ್ಲು ಕಿಸಿಯಬೇಡಿ. ಕೂಲಿಮಠದಲ್ಲಿ ಅಣ್ಣಂದಿರ ಬೆನ್ನ ಹಿಂದೆ ಕೂತು ಮರಳಿನ ಮೇಲೆ ತಿದ್ದಿದ ಅಕ್ಷರ ಇದು. ಸೊಟ್ಟಗಿದ್ದರೂ ಎಲ್ಲಿಯೂ ನಡುಗಿಲ್ಲ, ನೋಡಿಕೊಳ್ಳಿ.

ಮಾನ್ಯ ಲಾರಿ ಸಾಹೇಬರೇ,

ಹಣೆಯ ಮೇಲೆ ‘ಶ್ರೀ ಬಸವೇಶ್ವರ ಪ್ರಸನ್ನ’ ಎಂದು ಬರೆಸಿಕೊಂಡಿರುವ, ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಅದರ ಹೊಗೆಯನ್ನೇ ಉಂಡು ಊರೂರು ತಿರುಗುವ, ಕೆಂಪಸಿದ್ದಯ್ಯನವರ ಕೊಟ್ಟಿಗೆಯಲ್ಲಿ ಹಿಂದೆ ಎತ್ತು ಕಟ್ಟುತ್ತಿದ್ದ ಗೂಟದ ಪಕ್ಕದಲ್ಲೇ ಬಿಜಯಂಗೈದಿರುವ ತಮ್ಮ ಚಕ್ರಾರವಿಂದಗಳಿಗೆ, ಇದೇ ಊರಿನ ಕೆಳಗಲ ಬೀದಿಯ ದೇವಿರಮ್ಮ ಮಾಡುವ ಅನಂತ ನಮಸ್ಕಾರಗಳು. ಇತ್ತ ನಾವು ಕ್ಷೇಮವಾಗಿಲ್ಲ. ಅತ್ತ ತಾವೂ ಕ್ಷೇಮವಾಗಿಲ್ಲವೆಂಬುದು ತಾವು ನಮ್ಮ ಬೀದಿಗೆ ಬಂದು ನಿಲ್ಲುವಾಗಲೆಲ್ಲ ನಮ್ಮ ಅಟ್ಟದ ಮೇಲಿನ ಮಡಕೆಗಳಿಗೂ ತಿಳಿಯುತ್ತದೆ. ತಮ್ಮನ್ನು ಇದುವರೆಗೆ ಓಡಿಸುತ್ತಿದ್ದ ಅಂಕಯ್ಯನ ಅಜ್ಜಿ ನಾನು. ತಮ್ಮ ನಡುಕಕ್ಕೆ ಅವನ ಕಾಲೇ ಕಾರಣವೆಂದು ತಮ್ಮ ಯಜಮಾನರು ಅವನನ್ನು ಕೆಲಸದಿಂದ ತೆಗೆದಿದ್ದಾರೆ. ಆ ವಿಷಯವಾಗಿ ತಮ್ಮಲ್ಲಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುವುದಕ್ಕೆ ಈ ಕಾಗದ. ಯಜಮಾನರ ಹತ್ತಿರ ಆಡಿ ನೋಡಿದೆ. ಅವರಿಗಿಂತ ತಮಗೆ ಕಿವಿ ಚುರುಕೆಂದು ತೋರಿದ್ದರಿಂದ ತಮಗೇ ಬರೆಯುತ್ತಿದ್ದೇನೆ.

ತಮ್ಮ ಗುಣಗಾನವನ್ನು ಎಲ್ಲಿಂದ ಶುರುಮಾಡಲಿ? ಪೆಟ್ರೋಲೆಲ್ಲ ಯುದ್ಧಕ್ಕೆ ಹೋದ ಈ ಕಾಲದಲ್ಲಿ, ಬೇರೆ ಲಾರಿಗಳು ಮುಖ ಸಪ್ಪಗೆ ಮಾಡಿಕೊಂಡು ಶೆಡ್ಡು ಸೇರಿದ್ದರೆ, ತಾವು ಇದ್ದಿಲಿಗೆ ಬಾಯಿ ಹೊಂದಿಸಿಕೊಂಡಿರಿ. ಬೆಳಿಗ್ಗೆ ಒಲೆ ಹೊತ್ತಿಸಿ, ಗಾಳಿ ಹಾಕಿ, ಕೆಮ್ಮಿಸಿ ಉಗುಳಿಸಿ ಎಬ್ಬಿಸುವುದರೊಳಗೆ ನಮ್ಮ ಮನೆಯಲ್ಲಿ ಹಿಟ್ಟು ಬೆಂದು ಊಟವೇ ಮುಗಿದಿರುತ್ತದೆ ಎಂಬುದು ಬೇರೆ ಮಾತು. ದೊಡ್ಡವರು ಏಳುವುದು ನಿಧಾನವೇ. ಎದ್ದ ಮೇಲೆ ಆಲೆಮನೆಯ ಬೆಲ್ಲವನ್ನು ಮಂಡ್ಯದ ಮಂಡಿಗೆ, ರಾಗಿ ಮೂಟೆಯನ್ನು ಮಳವಳ್ಳಿಗೆ ಹೂವಿನಂತೆ ಹೊತ್ತುಕೊಂಡು ಹೋಗುತ್ತೀರಿ. ಹೊರಡುವಾಗ ನಡುಗುವುದಿಲ್ಲ, ಓಡುವಾಗ ನಡುಗುವುದಿಲ್ಲ, ಏರು ಹತ್ತುವಾಗಲೂ ನಡುಗುವುದಿಲ್ಲ. ಸ್ವಲ್ಪ ನಿಧಾನ ಮಾಡಿ ಸ್ವಾಮಿ ಎಂದು ಕೇಳಿಕೊಂಡರೆ ಮಾತ್ರ ತಮಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ನಿಲ್ಲು ಎಂದವರ ಮೇಲೆ ಸಿಟ್ಟು ಮಾಡುವ ಈ ಗುಣವನ್ನು ತಾವು ಯಾವ ಮನೆಯ ಅನ್ನ ಉಂಡು ಕಲಿತಿರೋ ನಾನು ಹೇಳಲಾರೆ.

ಆ ಸಿಟ್ಟಿನ ಸ್ವಾರಸ್ಯವನ್ನು ನಾನೂ ಒಮ್ಮೆ ಸವಿದಿದ್ದೇನೆ. ಮಳವಳ್ಳಿಯ ನಂಟರ ಮನೆಗೆ ಹೋಗಿದ್ದವಳು ಬರುವಾಗ ಅಂಕಯ್ಯನ ಪಕ್ಕದಲ್ಲಿ, ಮಡಿಲಲ್ಲಿ ಮೊಸರಿನ ಕುಡಿಕೆ ಇಟ್ಟುಕೊಂಡು, ರಾಣಿಯ ಹಾಗೆ ಕೂತು ಬಂದೆ. ನಮ್ಮೂರ ಕೆರೆ ಏರಿಯ ಕೊನೆಯಲ್ಲಿ ತಿರುವು ಇದೆಯಲ್ಲ, ಅಲ್ಲಿ ಅವನು ಮೆಲ್ಲಗೆ ಬ್ರೇಕಿನ ಮೇಲೆ ಕಾಲಿಟ್ಟ. ಮೊದಲು ಅವನ ಕೈಯಲ್ಲಿದ್ದ ಚಕ್ರ ಚಳಿಜ್ವರ ಬಂದ ಹಾಗೆ ಅದುರಿತು, ಆಮೇಲೆ ಬಾಗಿಲು ಅದುರಿತು, ಆಮೇಲೆ ನನಗೆ ಉಳಿದಿರುವ ಅಷ್ಟಿಷ್ಟು ಹಲ್ಲು ಒಂದನ್ನೊಂದು ಮಾತನಾಡಿಸಿಕೊಂಡವು. ಮನೆಗೆ ಬಂದು ನೋಡಿದರೆ ಕುಡಿಕೆಯಲ್ಲಿ ಮೊಸರು ಇರಲಿಲ್ಲ, ಮಜ್ಜಿಗೆ ಇತ್ತು. ಮೇಲೆ ಬೆಣ್ಣೆಯೂ ತೇಲುತ್ತಿತ್ತು. ಈ ಉಪಕಾರಕ್ಕೆ ಆವತ್ತೇ ತಮಗೆ ಕೈಮುಗಿದಿದ್ದೇನೆ.

ಇಂಥ ತಮ್ಮ ನಡುಕಕ್ಕೆ ಮದ್ದು ಹುಡುಕುವುದರಲ್ಲಿ ಕೆಂಪಸಿದ್ದಯ್ಯನವರು ಯಾವ ಕೊರತೆಯನ್ನೂ ಮಾಡಲಿಲ್ಲವೆಂದು ಒಪ್ಪಿಕೊಳ್ಳಲೇಬೇಕು. ಮೊದಲು ಮಂಡ್ಯದಿಂದ ಮೇಸ್ತ್ರಿ ಪುಟ್ಟಸ್ವಾಮಿಯನ್ನು ಕರೆಸಿದರು. ಅವನು ತಮ್ಮ ಹೊಟ್ಟೆಯಡಿ ತೂರಿ, ಸ್ಪ್ರಿಂಗು ತಟ್ಟಿ, ಬೋಲ್ಟು ಬಿಗಿಮಾಡಿ, ಈಚೆ ಬಂದು, ಚಕ್ರ ಬಿಚ್ಚಿ ಒಳಗೆ ನೋಡಬೇಕು ಎಂದನಂತೆ. ಯಜಮಾನರು ಒಪ್ಪಲಿಲ್ಲ. “ಚಕ್ರದ ತಂಟೆ ನಿಂಗ್ಯಾಕ್ಲಾ? ಅಮಾಸೆ ಅಮಾಸೆಗೂ ಅದರ ಯೋಗಕ್ಸೇಮ ನಾನೇ ನೋಡ್ಕತೀನಿ. ನೀನು ಮಿಕ್ಕಿದ್ದ ನೋಡು” ಎಂದರು. ಹಲ್ಲುನೋವು ಎಂದು ಬಂದವನ ಬಾಯೊಂದನ್ನು ಬಿಟ್ಟು ಉಂಗುಷ್ಠದವರೆಗೂ ತಟ್ಟಿ ನೋಡಿದ ಪಂಡಿತನ ಹಾಗೆ ಪುಟ್ಟಸ್ವಾಮಿ ಮಿಕ್ಕಿದ್ದನ್ನೆಲ್ಲ ನೋಡಿ, ಬಸ್ಸು ಹತ್ತಿದ.

ಆಮೇಲೆ ಯಜಮಾನರೇ ಸ್ವತಃ ಪರೀಕ್ಷೆಗೆ ನಿಂತರು. ಅಮಾವಾಸ್ಯೆ ಕಳೆದ ಮರುದಿನ ನಡುಕ ಬಲು ಜೋರು, ದಿನ ಹೋದ ಹಾಗೆ ಇಳಿಯುತ್ತ ಹೋಗಿ ಹುಣ್ಣಿಮೆಯ ಹೊತ್ತಿಗೆ ಎಷ್ಟೋ ವಾಸಿ, ಮತ್ತೆ ಅಮಾವಾಸ್ಯೆ ಕಳೆಯಿತೋ ಮತ್ತೆ ಜೋರು, ಇದನ್ನು ಕಂಡುಹಿಡಿದವರು ಅವರೇ. ಕಂಡದ್ದು ನಿಜ, ಅದರಲ್ಲಿ ನಾನು ತಪ್ಪು ಹುಡುಕುವುದಿಲ್ಲ. ಆದರೆ ಕಂಡದ್ದರಿಂದ ಅವರು ತೆಗೆದ ಅರ್ಥವೇನೆಂದರೆ, ತಮಗೆ ಗಾಳಿ ಸೋಕಿದೆ ಎಂದು. ಬೂದುಗುಂಬಳ ಒಡೆಸಿದರು, ಮೂತಿಗೆ ಬೇವಿನ ಸೊಪ್ಪು ಕಟ್ಟಿಸಿದರು, ಮನೆಯ ಯಜಮಾನಿ ಇಂದ್ರಮ್ಮನವರ ಕೈಯಲ್ಲಿ ಮೆಣಸಿನಕಾಯಿ ನಿವಾಳಿಸಿ ತಮ್ಮ ಬೆನ್ನಿನ ಒಲೆಗೇ ಹಾಕಿಸಿದರು. ಆವತ್ತು ತಾವು ದಾರಿಯುದ್ದಕ್ಕೂ ಸೀನುತ್ತ ಹೋದದ್ದನ್ನು ಕಂಡು, ಗಾಳಿ ಬಿಟ್ಟಿತು ಎಂದು ಜನ ಸಂತೋಷಪಟ್ಟರು. ಕೆರೆ ಏರಿಯ ತಿರುವಿನಲ್ಲಿ ತಾವು ಮತ್ತೆ ನಡುಗಿದಿರಿ.

ಗಾಳಿಯೂ ಅಲ್ಲವೆಂದ ಮೇಲೆ ಯಜಮಾನರು ಹೊಸ ತರ್ಕ ತೆಗೆದರು. ಲಾರಿ ಯಾವಾಗ ನಡುಗುತ್ತದೆ? ಅಂಕಯ್ಯ ಕಾಲಿಟ್ಟಾಗ. ಕಾಲು ತೆಗೆದರೆ? ನಡುಗುವುದಿಲ್ಲ. ಹಾಗಾದರೆ ನಡುಕ ಎಲ್ಲಿದೆ? ಕಾಲಿನಲ್ಲಿದೆ. ಜಗಲಿಯ ಮೇಲೆ ಕೂತಿದ್ದವರೆಲ್ಲ ತಲೆದೂಗಿದರು. ಜಗಲಿಯ ಮೇಲೆ ಕೂತವರಿಗೆ ಕಾಲಿನ ವಿಚಾರ ಚೆನ್ನಾಗಿಯೇ ಗೊತ್ತಿರುತ್ತದೆ, ಅದನ್ನು ನೀಡಿಕೊಂಡೇ ಇರುತ್ತಾರಲ್ಲ. ಆದರೂ ನ್ಯಾಯ ಅನ್ನುವುದು ಒಂದಿದೆಯೆಂದು, ಕೊನೆಯ ಮಾತನ್ನು ನಮ್ಮೂರ ದೇವರ ಬಸಪ್ಪನೇ ಹೇಳಲಿ ಎಂದು ತೀರ್ಮಾನವಾಯಿತು.

ತಾವು ಪರಸ್ಥಳದವರು, ತಮಗೆ ನಮ್ಮ ಬಸಪ್ಪನ ಪರಿಚಯ ಸಾಲದು. ಗುಡಿಗೆ ಬಿಟ್ಟ ಬಸವ ಅವನು, ನೊಗ ಕಂಡವನಲ್ಲ. ವ್ಯಾಜ್ಯ ಬಂದಾಗ ಎದುರಿಗೆ ನಿಂತು ಕೇಳಿದರೆ, ಅಂಗೈ ಮೇಲೆ ಗೊರಸಿಟ್ಟರೆ ಹೌದು, ಮುಖ ತಿರುಗಿಸಿದರೆ ಅಲ್ಲ. ಗೆಜ್ಜೆ ಕಟ್ಟಿ, ಅರಿಶಿನ ಹಚ್ಚಿ ಅವನನ್ನು ಕರೆತಂದರು. ಒಂದು ಕಡೆ ತಾವು, ಪಕ್ಕದಲ್ಲಿ ಅಂಗೈ ನೀಡಿಕೊಂಡು ನನ್ನ ಮೊಮ್ಮಗ. ಬಸಪ್ಪ ಬಂದ. ಅಂಕಯ್ಯನ ಕೈಯನ್ನು ನೋಡಲಿಲ್ಲ, ಯಜಮಾನರ ರುಮಾಲನ್ನೂ ನೋಡಲಿಲ್ಲ, ನೇರವಾಗಿ ತಮ್ಮ ಬಲಗಡೆ ಮುಂದಿನ ಚಕ್ರಕ್ಕೆ ಹೋಗಿ ಮೂಸಿದ. ಮತ್ತೆ ಮೂಸಿದ. ಆಮೇಲೆ ಮೇಲ್ದುಟಿ ಎತ್ತಿ, ಮೂಗು ಆಕಾಶಕ್ಕೆ ಮಾಡಿ, ಎಳೆದರೂ ಕದಲದೆ ಅಲ್ಲೇ ನಿಂತುಬಿಟ್ಟ.

ಕೆಂಪಸಿದ್ದಯ್ಯನವರು ಕೈಮುಗಿದು ಊರಿಗೆಲ್ಲ ಅರ್ಥ ಹೇಳಿದರು. “ನೋಡ್ರಪ್ಪ, ಬಸಪ್ಪ ಲಾರಿ ಕಡೆ ನಿಂತ. ಇವನ ಮಕ ನೋಡಿ ನಕ್ಕುಬುಟ್ಟ. ನಡುಕ ಲಾರೀದಲ್ಲ, ಇವನ ಕಾಲ್ದು.”

ಅಷ್ಟಕ್ಕೇ ಅಂಕಯ್ಯನ ಕೆಲಸ ಹೋಯಿತು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಹೋದದ್ದು ಹೆಸರು. ಈಗ ಅವನು ಊರಿಗೆಲ್ಲ ನಡುಕದ ಅಂಕಯ್ಯ. ಮದ್ದೂರಿನ ಲಾರಿಯವರ ಹತ್ತಿರ ಕೆಲಸ ಕೇಳಲು ಹೋದರೆ, ಅವನಿಗಿಂತ ಮುಂಚೆ ಆ ಹೆಸರು ಅಲ್ಲಿಗೆ ಹೋಗಿ ಕೂತಿತ್ತು. ಬಸರಾಳಿನ ಕಡೆಯಿಂದ ಹೆಣ್ಣು ಕೊಡುವುದಕ್ಕೆ ಬಂದಿದ್ದವರು ಕೊಟ್ಟ ಪಾನಕ ಕುಡಿದು, ಇದು ಮನೆತನದಲ್ಲಿ ಬಂದದ್ದೋ ಹೇಗೆ ಎಂದು ನನ್ನ ಕಾಲನ್ನೇ ನೋಡಿದರು. ನಾನು ಒಂಟಿ ಕಾಲಿನಲ್ಲಿ ನಿಂತು ತೋರಿಸಿದೆ. ಆದರೂ ಯೋಚಿಸಿ ಹೇಳುತ್ತೇವೆ ಎಂದು ಹೋದವರು ಇನ್ನೂ ಯೋಚಿಸುತ್ತಲೇ ಇದ್ದಾರೆ.

ಅಂಕಯ್ಯನ ಜಾಗಕ್ಕೆ ಮಂಡ್ಯದಿಂದ ಮರಿಯಯ್ಯ ಎಂಬ ಡ್ರೈವರು ಬಂದ. ಪಾಪ, ಒಳ್ಳೆಯ ಮನುಷ್ಯ, ಹೆಂಡತಿ ಮಕ್ಕಳಿರುವವನು. ಕೆರೆ ಏರಿಯ ತಿರುವಿನಲ್ಲಿ ತಾವು ಅವನ ಕಾಲಿನಡಿಯೂ ನಡುಗಿದಿರಿ, ಮೊದಲಿಗಿಂತ ಜೋರಾಗಿಯೇ ನಡುಗಿದಿರಿ. ತಮ್ಮ ಸತ್ಯಸಂಧತೆಗೆ ನಾನು ಇಲ್ಲಿಂದಲೇ ನಮಸ್ಕಾರ ಮಾಡಿದೆ. ಈಗಲಾದರೂ ಯಜಮಾನರ ಕಣ್ಣು ತೆರೆಯುತ್ತದೆ ಎಂದುಕೊಂಡೆ. ಅವರು ಹೇಳಿದ್ದೇನು ಗೊತ್ತೆ? ಅಂಕಯ್ಯನ ನಡುಕ ಸೀಟಿಗೆ ಅಂಟಿಕೊಂಡಿದೆ, ಅದು ಮರಿಯಯ್ಯನಿಗೂ ಹತ್ತಿದೆ ಎಂದು. ಸೀಟಿಗೆ ಗಂಜಲ ಚಿಮುಕಿಸಿ, ಅರಿಶಿನದ ನೀರಿನಲ್ಲಿ ತೊಳೆಸಿದರು. ಮರಿಯಯ್ಯ ಈಗ ಹಳದಿ ಬೆನ್ನು ಹೊತ್ತುಕೊಂಡು ತಿರುಗುತ್ತಾನೆ.

ಅಂಕಯ್ಯನ ಕಂಬಳಿ ತಮ್ಮ ಹೊಟ್ಟೆಯಲ್ಲೇ ಉಳಿದಿತ್ತಲ್ಲ, ಅದನ್ನು ತರುವುದಕ್ಕೆಂದು ನಾನು ತಮ್ಮ ಕೊಟ್ಟಿಗೆಗೆ ಬಂದದ್ದು ತಮಗೆ ನೆನಪಿರಬೇಕು. ಬಂದವಳು, ಬಸಪ್ಪ ಅಷ್ಟು ಹೊತ್ತು ಮೂಸಿದ್ದಾದರೂ ಏನನ್ನು ಎಂದು ಬಗ್ಗಿ ನೋಡಿದೆ. ಚಕ್ರದ ಒಳಮೈಯಿಂದ ಕರ್ರಗೆ ಏನೋ ಒಸರುತ್ತಿತ್ತು. ಬೆರಳಲ್ಲಿ ಒರೆಸಿ ಮೂಸಿದೆ. ಇದನ್ನು ಕಂಡುಹಿಡಿಯುವುದಕ್ಕೆ ಕಾಲೇಜು ಓದಬೇಕಾಗಿಲ್ಲ; ಗಾಡಿ ಇರುವ ಮನೆಯಲ್ಲಿ ಹುಟ್ಟಿದ ಯಾವ ಮಗುವನ್ನಾದರೂ ಕೇಳಿ, ಹೇಳುತ್ತದೆ. ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿ ಕಲಸಿ, ಗಾಡಿಯ ಅಚ್ಚಿಗೆ ಹಾಕುತ್ತಾರಲ್ಲ, ಆ ಕೀಲೆಣ್ಣೆ.

ಯಜಮಾನರ ಹಳೆಯ ಗಾಡಿ ಆಳು ಹುಚ್ಚೀರಯ್ಯ ಅಲ್ಲೇ ಗೂಟಕ್ಕೆ ಒರಗಿ ಕೂತು ಎಲೆಯಡಿಕೆ ಹಾಕುತ್ತಿದ್ದ. ಇದೇನ್ಲಾ ಎಂದು ಕೇಳಿದೆ. ಅವನಿಗೆ ಮುಚ್ಚಿಡುವುದು ಗೊತ್ತಿಲ್ಲ. “ಗಾಡಿ ಮಾರುದ್ರು, ಕೀಲೆಣ್ಣೆ ಮಡಕೆ ಮಾರ್ನಿಲ್ಲ ಕಣಕ್ಕ. ಚಕ್ರ ಅಂದ್ಮೇಲೆ ಎಲ್ಲಾ ಚಕ್ರವೂ ಒಂದೇಯ, ಎಣ್ಣೆ ಬುಡ್ಲಾ ಅಂತ ಯಜಮಾನ್ರು ಯೋಳಿದ್ರು. ಅಮಾಸೆ ಅಮಾಸೆಗೂ ಬುಟ್ಟೆ” ಎಂದ. ಹೇಗೆ ಬಿಟ್ಟೆಯೋ ಎಂದರೆ, ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟವನ್ನು ತೋರಿಸಿದ. ಚಕ್ರದ ಹಿಂಬದಿಯಲ್ಲಿ ಒಂದು ಸಣ್ಣ ಕಂಡಿ ಇದೆಯಂತೆ, ಅದಕ್ಕೆ ಗೊಟ್ಟದ ಮೂತಿ ಇಟ್ಟು ತಮಗೆ ಕುಡಿಸುತ್ತಿದ್ದನಂತೆ. ಬಲಗಡೆಯ ಎತ್ತಿಗೆ ಯಾವಾಗಲೂ ದುಡಿಮೆ ಹೆಚ್ಚು ಎಂದು ಬಲಗಡೆಯ ಚಕ್ರಕ್ಕೆ ಒಂದು ಗೊಟ್ಟ ಜಾಸ್ತಿ. ನಡುಕ ಜೋರಾದಷ್ಟೂ ಯಜಮಾನರು ಎಣ್ಣೆ ಸಾಲದು ಎಂದು ಇನ್ನಷ್ಟು ಬಿಡಿಸಿದರು. ಅಮಾವಾಸ್ಯೆ ದಿನ ಗಾಡಿ ಕಟ್ಟುವುದಿಲ್ಲ, ನೇಗಿಲು ಹೂಡುವುದಿಲ್ಲ. ಅದೇ ಪದ್ಧತಿಯಲ್ಲಿ ತಮಗೂ ಅಂದು ರಜ. ಅಂಕಯ್ಯ ಮನೆಯಲ್ಲಿ ಮಲಗಿರುತ್ತಿದ್ದ. ಅವನ ಬೆನ್ನ ಹಿಂದೆ ತಮಗೆ ಈ ಉಪಚಾರ.

ನಾನು ಮನೆಗೆ ಬಂದು ಬೆರಳನ್ನು ಅಂಕಯ್ಯನ ಮೂಗಿಗೆ ಹಿಡಿದೆ. ಅವನು ತಲೆಯ ಮೇಲೆ ಕೈಹೊತ್ತು ಕೂತ. ಆಮೇಲೆ ಎರಡು ಬೊಗಸೆ ಕೂಡಿಸಿ ತೋರಿಸಿ ನನಗೆ ತಿಳಿಯುವ ಹಾಗೆ ಹೇಳಿದ: ತಮ್ಮ ಚಕ್ರದ ಒಳಗೆ ಒಂದು ಡೋಲು, ಡೋಲಿನ ಒಳಗೆ ಅರ್ಧಚಂದ್ರದ ಆಕಾರದ ಎರಡು ಪಟ್ಟಿ, ಕಾಲಿಟ್ಟರೆ ಆ ಪಟ್ಟಿಗಳು ಅಗಲವಾಗಿ ಡೋಲನ್ನು ಒಳಗಿನಿಂದ ಒತ್ತಿ ಹಿಡಿಯಬೇಕು. “ಅಲ್ಲಿಗೇ ಎಣ್ಣೆ ಉಯ್ದವ್ರೆ ಅಜ್ಜಿ. ಜಾರ್ತದೆ, ಕಚ್ತದೆ, ಜಾರ್ತದೆ, ಕಚ್ತದೆ. ಅದೇ ನಡುಕ.” ಎಣ್ಣೆಗೈಯಲ್ಲಿ ಒನಕೆ ಹಿಡಿದ ಯಾವ ಹೆಂಗಸಿಗೂ ಇದನ್ನು ಎರಡನೆಯ ಸಲ ಹೇಳಬೇಕಾಗಿಲ್ಲ. ದಿನಾ ಒತ್ತಿ ಒತ್ತಿ ಬಿಸಿಯಾಗಿ ಆ ಎಣ್ಣೆ ಸುಟ್ಟುಹೋಗುತ್ತ ಬರುವುದರಿಂದ ಹುಣ್ಣಿಮೆಗೆ ವಾಸಿ. ಅಮಾವಾಸ್ಯೆಗೆ ಮತ್ತೆ ಹೊಸ ಗೊಟ್ಟ. ತಮಗೆ ಸೋಕಿದ ಗಾಳಿ ಮಡಕೆಯಲ್ಲಿತ್ತು ಸ್ವಾಮಿ. ಬಸಪ್ಪ ಆವತ್ತೇ ತೋರಿಸಿಕೊಟ್ಟಿದ್ದ. ಅವನಿಗೆ ನಾಲಿಗೆಯಿಲ್ಲ, ಅರ್ಥ ಹೇಳಿದವರಿಗೆ ಮೂಗಿಲ್ಲ.

ಇಷ್ಟನ್ನೂ ಹೋಗಿ ಯಜಮಾನರಿಗೆ ತಿಳಿಸಿದೆ. ಅವರು ಜಗಲಿಯಿಂದ ಏಳದೆ, “ಎಣ್ಣೆ ಬುಟ್ರೆ ಚಕ್ರ ಕೆಡ್ತದೆ ಅಂತೀಯಲ್ಲ ದೇವಿರಮ್ಮ, ನೀನು ಗಾಡಿ ಕಂಡಿಲ್ವ?” ಎಂದು ಕೇಳಿದರು. ಕಂಡಿದ್ದೇನೆ. ಗಾಡಿಯ ಚಕ್ರಕ್ಕೆ ತಿರುಗುವುದೊಂದೇ ಕೆಲಸ. ನಿಲ್ಲಿಸಬೇಕಾದರೆ ಎತ್ತಿಗೆ ಹೋ ಎಂದು ಹಗ್ಗ ಜಗ್ಗುತ್ತೇವೆ. ತಮ್ಮ ಚಕ್ರಕ್ಕೆ ತಿರುಗುವುದೂ ಗೊತ್ತಿರಬೇಕು, ನಿಲ್ಲುವುದೂ ಗೊತ್ತಿರಬೇಕು. ಯಜಮಾನರಿಗೆ ಮೊದಲನೆಯದು ಮಾತ್ರ ಅರ್ಥವಾಗುತ್ತದೆ, ಏಕೆಂದರೆ ಅವರಿಗೆ ಹೋ ಎಂದವರು ಈ ಊರಿನಲ್ಲಿ ಇದುವರೆಗೆ ಯಾರೂ ಇಲ್ಲ. ಅಂಕಯ್ಯನನ್ನು ತೆಗೆದದ್ದು ಸರಿಯೆಂದು ಬಸಪ್ಪನ ಹೆಸರು ಹೇಳಿ ಊರ ಮುಂದೆ ಆಡಿಬಿಟ್ಟಿದ್ದಾರೆ. ಈಗ ಚಕ್ರ ಬಿಚ್ಚಿಸಿದರೆ ಚಕ್ರದ ಜೊತೆಗೆ ಇನ್ನೂ ಏನೇನೋ ಬಿಚ್ಚಿಕೊಳ್ಳುತ್ತದೆ ಎಂಬ ಭಯ. ನೋಡಿ, ನಿಜವಾದ ನಡುಕ ಯಾರಿಗಿದೆ ಎಂದು ತಾವೇ ಹೇಳಿ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಗಳು. ದಯಮಾಡಿ ತಾವು ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿರುವಾಗಲೂ ಒಂದಿಷ್ಟು ನಡುಗಿ. ಯಾರ ಕಾಲೂ ಇಲ್ಲದೆ ನಡುಗಿದಿರೆಂದರೆ ಜಗಲಿಯ ತರ್ಕ ಮುರಿದುಬೀಳುತ್ತದೆ. ಅದು ಆಗದಿದ್ದರೆ, ಮುಂದಿನ ಸಲ ಹುಚ್ಚೀರಯ್ಯ ಗೊಟ್ಟ ತಂದಾಗ, ಬೇಡವೆಂದು ಕರುವಿನ ಹಾಗೆ ತಲೆ ಕೊಡವಿ. ಅದೂ ಆಗದಿದ್ದರೆ, ಗುಡಿಯ ಮುಂದೆ ಒದ್ದೆಬಟ್ಟೆಯಲ್ಲಿ ನಿಂತು, ಕುಡಿದದ್ದು ನಿಜ, ಕುಡಿಸಿದವರು ಇಂಥವರು ಎಂದು ಪ್ರಮಾಣ ಮಾಡಿ. ಇನ್ನು ತಮ್ಮ ಯಜಮಾನರಿಗೆ ತಾವು ಬುದ್ಧಿ ಹೇಳುವುದಾದರೆ ಹೀಗೆ ಹೇಳಿ: ಎಣ್ಣೆಯಿಂದ ಎಲ್ಲವೂ ಸಲೀಸಾಗಿ ನಿಲ್ಲುತ್ತದೆ ಎಂಬ ನಂಬಿಕೆ ಗಟ್ಟಿಯಿದ್ದರೆ, ತಮ್ಮ ಮನೆಯ ಜಗಲಿ ಮೆಟ್ಟಿಲುಗಳಿಗೂ ಅಷ್ಟೇ ಪ್ರೀತಿಯಿಂದ ಕೀಲೆಣ್ಣೆ ಬಳಿಸಿ, ಬಲಗಡೆಗೆ ಒಂದು ಗೊಟ್ಟ ಜಾಸ್ತಿ ಹಾಕಿಸಿ, ಊರವರೆದುರಿಗೆ ಒಮ್ಮೆ ನಿಧಾನವಾಗಿ ಇಳಿದು ತೋರಿಸಲಿ. ಅವರು ನಡುಗದೆ ಇಳಿದರೆ ನಾನೇ ಅಂಕಯ್ಯನ ಕಾಲಿಗೆ ತಾಯಿತ ಕಟ್ಟುತ್ತೇನೆ.

ನಗೆಯ ಮಾತು ಇಲ್ಲಿಗೆ ಸಾಕು. ಬರುವ ತಿಂಗಳಿಂದ ತಾವು ಶಿವನಸಮುದ್ರದ ಕರೆಂಟು ಆಫೀಸಿನವರಿಗೆ ಅಕ್ಕಿ ಮೂಟೆ ಸಾಗಿಸುವುದೆಂದು ಗೊತ್ತಾಗಿದೆಯಂತೆ. ಅಲ್ಲಿಗೆ ಇಳಿಯುವ ರಸ್ತೆ ನಮ್ಮ ಕೆರೆ ಏರಿಯ ತಿರುವಲ್ಲ. ಅಲ್ಲಿ ಕಾಲಿಟ್ಟಾಗ ಚಕ್ರ ಹಿಡಿಯಬೇಕು. ದೂರದ ದಾರಿಯೆಂದು ಈ ಅಮಾವಾಸ್ಯೆಗೆ ಎಣ್ಣೆ ಎರಡರಷ್ಟು ಬಿಡಬೇಕೆಂದು ಹುಚ್ಚೀರಯ್ಯನಿಗೆ ಅಪ್ಪಣೆಯಾಗಿದೆ. ಮರಿಯಯ್ಯ ನಿನ್ನೆ ನಮ್ಮ ಮನೆಯವರೆಗೆ ಬಂದು, ಯಾರ ಕೆಲಸ ಕಸಿದುಕೊಂಡನೋ ಅವನ ಹತ್ತಿರವೇ ತಗ್ಗಿದ ದನಿಯಲ್ಲಿ ಏನು ಮಾಡಲಪ್ಪಾ ಎಂದು ಕೇಳಿಕೊಂಡು ಹೋದ. ಅಂಕಯ್ಯ, ನನ್ನನ್ನು ನಡುಕದವನು ಅಂದರೆ ಅನ್ನಲಿ, ಮೊದಲು ಚಕ್ರ ಬಿಚ್ಚಿಸು ಎಂದ. ನಾನು ಅಷ್ಟು ಒಳ್ಳೆಯವಳಲ್ಲ. ನನಗೆ ಚಕ್ರವೂ ಬಿಚ್ಚಬೇಕು, ಹೆಸರೂ ತೊಳೆಯಬೇಕು. ಅದೇ ಮೇಸ್ತ್ರಿ ಬರಲಿ, ಅದೇ ಜನ ಸೇರಲಿ, ಬಸಪ್ಪನೂ ಬರಲಿ. ಚಕ್ರ ಕಳಚಿ ಒಳಗಿನದನ್ನು ಎಲ್ಲರೂ ಮೂಸಲಿ, ಯಜಮಾನರು ಎಲ್ಲರಿಗಿಂತ ಮೊದಲು ಮೂಸಲಿ. ಆಮೇಲೆ ಯಾವ ಬಾಯಿ ಅಂಕಯ್ಯನಿಗೆ ಆ ಹೆಸರಿಟ್ಟಿತೋ ಅದೇ ಬಾಯಿ, ಅಷ್ಟೇ ಗಟ್ಟಿಯಾಗಿ, ಅದನ್ನು ವಾಪಸು ತೆಗೆದುಕೊಳ್ಳಲಿ.

ನಿಂತಲ್ಲಿ ನಿಲ್ಲಬಲ್ಲ, ತಮ್ಮ ವಿಶ್ವಾಸಿ,
ದೇವಿರಮ್ಮ,
ನಡುಕವಿಲ್ಲದ ಅಂಕಯ್ಯನ ಅಜ್ಜಿ

ಮರೆತ ಮಾತು: ತಲೆಗೆ ಎಣ್ಣೆ ಇಟ್ಟವರು ಸೀಗೆಪುಡಿ ಹಾಕಿ ತಿಕ್ಕದೆ ಎದ್ದುಹೋಗುವುದುಂಟೇ? ತಮಗೆ ಇಷ್ಟು ದಿನ ಬರೀ ಎಣ್ಣೆಯೇ ಆಯಿತು, ನೀರು ಹಾಕಿದವರಿಲ್ಲ. ಒಂದು ಸೇರು ಸೀಗೆಪುಡಿ ಕುಟ್ಟಿಟ್ಟಿದ್ದೇನೆ. ಒಳಗಿನ ಪಟ್ಟಿಯನ್ನು ಮೇಸ್ತ್ರಿ ಬದಲಾಯಿಸಲಿ, ಡೋಲನ್ನು ನಾನೇ ತಿಕ್ಕಿ ಕೊಡುತ್ತೇನೆ. ಹುಚ್ಚೀರಯ್ಯನ ಗೊಟ್ಟವನ್ನು ನಮ್ಮ ಎಮ್ಮೆಗೆ ಅಜೀರ್ಣವಾಗಿದೆ ಎಂದು ಕೇಳಿ ತಂದು ನಮ್ಮ ಸೂರಿಗೆ ಸಿಕ್ಕಿಸಿದ್ದೇನೆ. ಎಮ್ಮೆ ಚೆನ್ನಾಗಿದೆ. ಗೊಟ್ಟ ಬೇಕಾದವರು ನಮ್ಮ ಬಾಗಿಲಿಗೆ ಬಂದು, ಅಂಕಯ್ಯನನ್ನು ಹೆಸರು ಹಿಡಿದು ಕೂಗಿ ತೆಗೆದುಕೊಂಡು ಹೋಗಬಹುದು. ಜವಾಬನ್ನು ಕಾಗದದಲ್ಲಿ ಬರೆಯುವ ಶ್ರಮ ತಮಗೆ ಬೇಡ. ಅಂಕಯ್ಯನ ಕಾಲಿನಡಿ ನಮ್ಮ ಬೀದಿಗೆ ಬಂದು, ಅಟ್ಟದ ಮಡಕೆ ಅಲುಗದ ಹಾಗೆ ನಮ್ಮ ಮನೆಯ ಮುಂದೆ ನಿಲ್ಲಿ, ನನಗೆ ಅಷ್ಟೇ ಸಾಕು. ಅಮಾವಾಸ್ಯೆ ಹತ್ತಿರ ಬಂತು. ಅದು ಬಂದು ಮುಂದಿನ ತಿಂಗಳು ಹುಟ್ಟುವುದಕ್ಕೆ ಮೊದಲು ಜವಾಬು ಕೊಡತಕ್ಕದ್ದು.